ಎತ್ತು ಹಸುವಿನ ಜೋಡಿಯಲ್ಲ

‘ನಿಮ್ದು ನಮ್ ರಾಗಿ ಹೊಲಕ್ಕೆ ಬಿದ್ದೈತೆ, ಬಂದು ಹೊಡ್ಕೊಂಡ್ ಹೋಗಿ’ ಎಂದು ಬೇಲಿಯಾಚೆಯಿಂದ ಕೂಗು ಬಂದರೆ ಹಳ್ಳಿ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ‘ಯಾವ್ದು?’ ಅಂತ. ಕೇಳುವುದಕ್ಕೆ ಕಾರಣ ಇದೆ. ಕರು ಎಂದರೆ ಮನೆಯ ಹುಡುಗನೇ ಓಡಿಹೋಗಿ ಕೊರಳಿಗೆ ಕೈಹಾಕಿ ತಂದುಬಿಡುತ್ತಾನೆ. ಹಸು ಎಂದರೆ ದಿನಾ ಹಾಲು ಕರೆಯುವ ಹೆಂಗಸು ಬೇಲಿ ಹತ್ತಿರ ನಿಂತು ಹೆಸರು ಹಿಡಿದು ಕರೆದರೆ ಸಾಕು, ಬಾಯಲ್ಲಿರುವ ತೆನೆ ಅಗಿಯುತ್ತಲೇ ಬರುತ್ತದೆ. ಕಡಸು ಎಂದರೆ ಅಷ್ಟು ಸಲೀಸಲ್ಲ, ಬಾಲ ಎತ್ತಿಕೊಂಡು ಹೊಲ ತುಂಬಾ ಅಡ್ಡಾಡಿಸುತ್ತದೆ, ಇಬ್ಬರು ಬೇಕು. ಎತ್ತಾದರೆ ಹಗ್ಗ ಹಿಡಿದು ಒಬ್ಬರು ಹೋದರೆ ಆಯಿತು. ಗೂಳಿ ಅಂದರೋ, ಮಕ್ಕಳನ್ನು ಒಳಗೆ ಕರೆದು ಗಂಡಸರು ದೊಣ್ಣೆ ಹುಡುಕುತ್ತಾರೆ. ಒಂದು ಪದ ಕಿವಿಗೆ ಬೀಳುತ್ತಲೇ ಯಾರು ಹೋಗಬೇಕು, ಏನು ಹಿಡಿದು ಹೋಗಬೇಕು ಎನ್ನುವುದೆಲ್ಲ ತೀರ್ಮಾನವಾಗಿಬಿಡುತ್ತದೆ.

ದನಕರುಗಳ ಗಂಡು ಹೆಣ್ಣು, ಈದದ್ದು ಈಯದ್ದು, ಬೀಜ ಇರುವುದು ಇಲ್ಲದ್ದು, ಇವಕ್ಕೆಲ್ಲ ಕನ್ನಡದಲ್ಲಿ ಎಷ್ಟು ಬೇರೆ ಬೇರೆ ಹೆಸರಿವೆ ನೋಡಿ. ನನಗೆ ಈ ಪದಗಳ ಮೇಲೆ ಬಹಳ ಪ್ರೀತಿ. ಇವನ್ನು ಪಂಡಿತರು ಕೂತು ಕಟ್ಟಿದ್ದಲ್ಲ. ಸಗಣಿ ಬಾಚುತ್ತ, ಹುಲ್ಲು ಹಾಕುತ್ತ, ನೊಗ ಹೂಡುತ್ತ ಇದ್ದವರ ಬಾಯಲ್ಲಿ ಹುಟ್ಟಿದ್ದು. ಒಂದೊಂದು ಪದದಲ್ಲೂ ಒಂದೊಂದು ತಿಳಿವಳಿಕೆ ಇದೆ.

ಅದರಲ್ಲೂ ನಮ್ಮ ಭಾಷೆಗೆ ಈ ಪದಗಳು ಬೇಕೇ ಬೇಕಾಗಿತ್ತು. ಕನ್ನಡದ ವ್ಯಾಕರಣ ಪ್ರಾಣಿಗಳನ್ನೆಲ್ಲ ನಪುಂಸಕಲಿಂಗಕ್ಕೆ ಹಾಕಿಬಿಟ್ಟಿದೆ. ಹಸು ಬಂತು, ಗೂಳಿ ಬಂತು, ಎತ್ತು ಬಂತು. ಬಂದದ್ದು ಗಂಡೋ ಹೆಣ್ಣೋ ಎಂದು ಕ್ರಿಯಾಪದ ಹೇಳುವುದೇ ಇಲ್ಲ. ಹಿಂದಿಯಲ್ಲಾದರೆ ಕ್ರಿಯಾಪದದಲ್ಲೇ ಗೊತ್ತಾಗುತ್ತದೆ. ನಮ್ಮಲ್ಲಿ ಆ ಭಾರವನ್ನೆಲ್ಲ ನಾಮಪದವೇ ಹೊರಬೇಕು, ಹೊತ್ತಿದೆ. ಕೊಟ್ಟಿಗೆಯ ಒಳಗೆ ಮಾತ್ರ ಈ ವ್ಯಾಕರಣ ನಡೆಯುವುದಿಲ್ಲ ಅನ್ನಿ. ಹೆಸರಿಟ್ಟ ಮೇಲೆ ‘ಗೌರಿ ಇವತ್ತು ಮೇವು ಮುಟ್ಟಲಿಲ್ಲ, ಯಾಕೋ ಮಂಕಾಗವಳೆ’ ಎಂದೇ ಹೇಳುವುದು. ಬಸವ ಬಂದ ಎನ್ನುತ್ತೇವೆ, ಬಂತು ಎನ್ನುವುದಿಲ್ಲ. ಸಾಕಿದವರ ವ್ಯಾಕರಣವೇ ಬೇರೆ.

ಹೆಣ್ಣಿನ ಕಡೆಯಿಂದ ಶುರುಮಾಡೋಣ. ಹುಟ್ಟಿದ್ದು ಹೆಣ್ಣುಗರು. ಮೊಲೆ ಬಿಡಿಸಿ, ಮೇವು ಹಿಡಿದು, ಮೈ ತುಂಬಿ ಬಂದರೆ ಅದು ಕಡಸು. ಧಾರವಾಡದ ಕಡೆ ಮಣಕ ಎನ್ನುತ್ತಾರೆ. ಇನ್ನೂ ಕೆಲವು ಕಡೆ ಪಡ್ಡೆ. ಪಡ್ಡೆ ಹುಡುಗರು ಎಂದು ದಿನಾ ಆಡುವವರಲ್ಲಿ ಎಷ್ಟೋ ಜನಕ್ಕೆ ಅದು ಕೊಟ್ಟಿಗೆಯ ಪದ ಎನ್ನುವುದೇ ನೆನಪಿಲ್ಲ. ಕಡಸು ಎನ್ನುವ ಹೆಸರು ಎಮ್ಮೆಗೂ ಸಲ್ಲುತ್ತದೆ. ಮುಖ್ಯ ಸಂಗತಿ ಒಂದೇ, ಅದು ಇನ್ನೂ ಈದಿಲ್ಲ. ಎಷ್ಟೇ ದೊಡ್ಡದಾಗಿ ಬೆಳೆದಿರಲಿ, ಈಯುವ ತನಕ ಅದು ಕಡಸೇ ಹೊರತು ಹಸುವಲ್ಲ. ನಾಲ್ಕು ವರ್ಷದ ಕಡಸಿದೆ ಎಂದು ಯಾರಾದರೂ ಹೇಳಿದರೆ ತಿಳಿದವರು ಕೂಡಲೇ ‘ಯಾಕೆ, ಬೆದೆಗೆ ಬರ್ಲಿಲ್ವಾ?’ ಎಂದು ಕೇಳುತ್ತಾರೆ. ವಯಸ್ಸೂ ಪದವೂ ಹೊಂದಲಿಲ್ಲ ಎಂದರೆ ಎಲ್ಲೋ ಮೇವು ಸಾಲದು, ಇಲ್ಲವೆ ಹೊಟ್ಟೆಯಲ್ಲಿ ಹುಳು ಇದೆ ಎಂದು ಅರ್ಥ.

ಬೆದೆಯ ಬಗ್ಗೆ ಮಾತಾಡುವುದಕ್ಕೆ ಪೇಟೆಯವರು ಸಂಕೋಚಪಡುತ್ತಾರೆ. ಹಳ್ಳಿಯಲ್ಲಿ ಅದು ಲೆಕ್ಕಾಚಾರದ ಮಾತು. ಸುಮಾರು 21 ದಿನಕ್ಕೊಮ್ಮೆ ಬರುತ್ತದೆ, ಒಂದು ಹಗಲೋ ಒಂದು ರಾತ್ರಿಯೋ ಇದ್ದು ಹೋಗಿಬಿಡುತ್ತದೆ. ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮಾರನೆಯ ಬೆಳಿಗ್ಗೆ. ತಪ್ಪಿಸಿಕೊಂಡರೆ ಇನ್ನೂ ಮೂರು ವಾರ ಮೇವು ದಂಡ. ಹಸು ಕೂಗುತ್ತದೆ, ಲೋಳೆ ಹಾಕುತ್ತದೆ, ಬೇರೆಯವು ಮೈಮೇಲೆ ಹತ್ತಿದರೆ ಅಲುಗದೆ ನಿಲ್ಲುತ್ತದೆ. ಎಮ್ಮೆಯಲ್ಲಿ ಇಷ್ಟೂ ಕಾಣದೆ ಹೋಗಬಹುದು. ಅದಕ್ಕೆ ನಮ್ಮ ಪಶುವೈದ್ಯರು ಮೂಕ ಬೆದೆ ಎನ್ನುತ್ತಾರೆ. ಎಷ್ಟು ಚೆನ್ನಾದ ಪದ! ಬೇಸಿಗೆಯಲ್ಲಿ ಎಮ್ಮೆ ಸಾಕಿದವರಿಗೆ ಅದರ ಕಷ್ಟ ಗೊತ್ತು.

ಮೊದಲೆಲ್ಲ ‘ಹೋರಿಗೆ ಬಿಟ್ಟಿದ್ವಿ’, ‘ಹೋರಿ ಕೊಡಿಸಿದ್ವಿ’ ಎನ್ನುತ್ತಿದ್ದರು. ಈಗ ‘ಸೂಜಿ ಹಾಕಿಸಿದ್ವಿ’, ‘ಕ್ರಾಸ್ ಮಾಡಿಸಿದ್ವಿ’. ಈ ಮಾತು ಬದಲಾದದ್ದರ ಮೂಲ ನಮ್ಮಲ್ಲೇ ಇದೆ. ಇಡೀ ದೇಶದಲ್ಲಿ ಹಸುಗಳಿಗೆ ಕೃತಕ ಗರ್ಭಧಾರಣೆ ಮೊದಲು ನಡೆದದ್ದು ಮೈಸೂರಿನ ಅರಮನೆಯ ಡೈರಿ ಫಾರಂನಲ್ಲಿ, 1939ರಲ್ಲಿ. ಸಂಪತ್ ಕುಮಾರನ್ ಎಂಬ ಪಶುವೈದ್ಯರು ಹಳ್ಳಿಕಾರ್ ಹಸುಗಳಿಗೆ ಹೋಲ್‌ಸ್ಟೀನ್ ಗೂಳಿಯ ವೀರ್ಯ ಕೊಟ್ಟು ಕರು ಪಡೆದರು. ಇವತ್ತು ಊರೂರಿನ ಡೇರಿಗೂ ದ್ರವ ಸಾರಜನಕದ ಕ್ಯಾನು ಬರುತ್ತದೆ, ಒಳಗೆ ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಚಳಿಯಲ್ಲಿ ಹೆಸರಘಟ್ಟದ ಗೂಳಿಯ ವೀರ್ಯ ಕಡ್ಡಿಗಳಲ್ಲಿ ಕೂತಿರುತ್ತದೆ. ಅದರಿಂದ ಹುಟ್ಟಿದ್ದು ನಮ್ಮ ಬಯಲುಸೀಮೆಯವರ ಬಾಯಲ್ಲಿ ಸೀಮೆ ಹಸು, ಊರ ತಳಿ ನಾಟಿ ಹಸು. ಬಡಗಣ ಕರ್ನಾಟಕದಲ್ಲಿ ಈ ನಾಟಿ ಹಸುವೇ ಜವಾರಿ ಆಕಳು.

ಇನ್ನು ಗಬ್ಬ. ಗರ್ಭ ಎಂಬುದೇ ನಮ್ಮ ಬಾಯಲ್ಲಿ ಮೆತ್ತಗಾಗಿ ಗಬ್ಬ ಆಯಿತು. ಗಬ್ಬ ನಿಂತಿದೆ, ಗಬ್ಬ ಕಟ್ಟಿದೆ, ತುಂಬುಗಬ್ಬ. ಹಸುವಿಗೆ ಒಂಬತ್ತು ತಿಂಗಳ ಮೇಲೆ ಒಂದು ವಾರ ಹತ್ತು ದಿನ, ಎಮ್ಮೆಗೆ ಹತ್ತು ತಿಂಗಳು ದಾಟುತ್ತದೆ. ನಡುವೆ ಗಬ್ಬ ಇಳಿದರೆ ‘ಕಂದು ಹಾಕಿತು’ ಎನ್ನುತ್ತಾರೆ. ಈ ಕಂದು ಬಣ್ಣದ ಹೆಸರಲ್ಲ, ಕರು ಎಂಬುದಕ್ಕೆ ಹಳೆಯ ಪದ. ಮಗುವನ್ನು ಕಂದ ಎಂದು ಕರೆಯುತ್ತೇವಲ್ಲ, ಅದರ ಒಡಹುಟ್ಟು. ತುಳುವಿನವರು ಕರುವಿಗೆ ಕಂಜಿ ಎನ್ನುವುದೂ ಇದೇ ಬೇರಿನಿಂದ. ಆಗತಾನೆ ಈದ ಹಸುವಿಗೆ ಎಳಗಂದಿ ಎನ್ನುತ್ತಾರೆ, ಎಳೆಯ ಕಂದು ಇರುವಂಥದ್ದು ಅಂತ. ಬಾಯಿ ತುಂಬ ಹೇಳಬಹುದಾದ ಪದ. ಈಗ ಯಾರ ಬಾಯಲ್ಲೂ ಅಷ್ಟಾಗಿ ಇಲ್ಲ.

ಕಡಸೊಂದು ಹಸುವಾಗುವ ಹೊತ್ತನ್ನು ಹತ್ತಿರದಿಂದ ನೋಡಬೇಕು. ಎರಡು ಮೂರು ವಾರ ಮುಂಚೆಯೇ ಕೆಚ್ಚಲು ಇಳಿಸುತ್ತದೆ. ನೆನ್ನೆ ಮೊನ್ನೆಯವರೆಗೆ ಹೊಟ್ಟೆಗೆ ಅಂಟಿಕೊಂಡಿದ್ದ ನಾಲ್ಕು ಮೊಲೆಗಳು ಬೆಳಿಗ್ಗೆ ನೋಡಿದರೆ ಬಿಗಿದು ಹೊಳೆಯುತ್ತಿರುತ್ತವೆ. ದಿನ ಹತ್ತಿರ ಬಂದಾಗ ಬಾಲದ ಬುಡದ ಎರಡೂ ಕಡೆ ಗುಳಿ ಬೀಳುತ್ತದೆ. ಕೈಯಿಟ್ಟು ನೋಡಿದರೆ ಅಲ್ಲಿನ ನರ ಸಡಿಲ ಬಿಟ್ಟಿರುವುದು ತಿಳಿಯುತ್ತದೆ. ಆಮೇಲೆ ಮೇವು ಬಿಟ್ಟು ಮಲಗುವುದು, ಏಳುವುದು, ತಿರುಗಿ ತನ್ನ ಹಿಂಭಾಗವನ್ನೇ ನೋಡಿಕೊಳ್ಳುವುದು. ನೀರುಚೀಲ ಒಡೆದ ಮೇಲೆ ಎರಡು ಮುಂಗಾಲ ಗೊರಸು, ಅವುಗಳ ಮೇಲೆ ಮೂತಿ. ಈ ಕ್ರಮದಲ್ಲಿ ಬಂತೆಂದರೆ ನಿಂತವರೆಲ್ಲ ಉಸಿರು ಬಿಡುತ್ತಾರೆ. ಚೊಚ್ಚಲಿನದು ಒಮ್ಮೊಮ್ಮೆ ತನ್ನ ಕರುವನ್ನೇ ಕಂಡು ಬೆದರಿ ಹಿಂದೆ ಸರಿಯುವುದುಂಟು. ಆಗ ಹಿರಿಯರು ಕರುವಿನ ಬೆನ್ನ ಮೇಲೆ ಒಂದು ಹಿಡಿ ಉಪ್ಪು ಉದುರಿಸುತ್ತಾರೆ. ಉಪ್ಪಿನ ಆಸೆಗೆ ನಾಲಿಗೆ ಚಾಚಿತು ಎಂದರೆ ಆಮೇಲೆ ಬಿಡಿಸಿದರೂ ಬಿಡುವುದಿಲ್ಲ, ನೆಕ್ಕಿ ನೆಕ್ಕಿ ಒಣಗಿಸುತ್ತದೆ. ಕರುವಿನ ಗೊರಸಿನ ತುದಿ ಬೆಣ್ಣೆಯ ಹಾಗೆ ಮೆತ್ತಗಿರುತ್ತದೆ, ಅದನ್ನು ಚಿವುಟಿ ತೆಗೆದು, ಎಬ್ಬಿಸಿ ನಿಲ್ಲಿಸಿ, ಮೊಲೆ ಬಾಯಿಗೆ ಕೊಡಬೇಕು. ಮೊದಲ ಗಿಣ್ಣುಹಾಲು ಒಂದು ಗಂಟೆಯೊಳಗೆ ಕರುವಿನ ಹೊಟ್ಟೆಗೆ ಹೋಗಬೇಕು. ಮನೆಯವರ ಬಾಯಿಗೆ ಗಿಣ್ಣು ಆಮೇಲೆ. ಕಸ, ಅಂದರೆ ಮಾಸು, ಬೀಳುವ ತನಕ ಒಬ್ಬರು ಕಾದಿರುತ್ತಾರೆ, ಬಿದ್ದದ್ದನ್ನು ಹುಲ್ಲಿನಲ್ಲಿ ಸುತ್ತಿ ಹಾಲು ಸೋರುವ ಆಲದ ಮರಕ್ಕೆ ಕಟ್ಟಿ ಬರುವ ಪದ್ಧತಿ ಎಷ್ಟೋ ಊರುಗಳಲ್ಲಿದೆ. ಕೈಕಾಲು ತೊಳೆದು ಬಂದ ಮನೆಯ ಯಜಮಾನ ಬೀದಿಯಲ್ಲಿ ಸಿಕ್ಕವರಿಗೆ ‘ನಮ್ಮ ಹಸ ಕರ ಹಾಕ್ತು’ ಎನ್ನುತ್ತಾನೆ. ನಿನ್ನೆವರೆಗೂ ‘ನಮ್ಮ ಕಡಸು’ ಎನ್ನುತ್ತಿದ್ದವನು. ಅವನಿಗೆ ಯಾರೂ ಹೇಳಿಕೊಡಲಿಲ್ಲ, ಬಾಯಿ ತಾನಾಗಿ ಪದ ಬದಲಿಸಿತು.

ಅಲ್ಲಿಂದ ಮುಂದೆ ಎಣಿಕೆ ಸೂಲಿನಲ್ಲಿ. ಮೊದಲನೇ ಸೂಲು, ಎರಡನೇ ಸೂಲು. ಹಸು ಕೊಳ್ಳಲು ಹೋದವರು ವಯಸ್ಸು ಕೇಳುವುದಕ್ಕಿಂತ ಮೊದಲು ಎಷ್ಟನೇ ಸೂಲು ಎಂದು ಕೇಳುತ್ತಾರೆ, ಮೂರನೆಯದೋ ನಾಲ್ಕನೆಯದೋ ಆಗಿದ್ದರೆ ಹಾಲು ತುಂಬಿ ಬರುವ ಕಾಲ ಅಂತ. ಹೆರಿಗೆ ಮಾಡಿಸುವ ತಾಯಿಗೆ ಸೂಲಗಿತ್ತಿ ಎನ್ನುತ್ತೇವಲ್ಲ, ಅದೂ ಇದೇ ಸೂಲು. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಆ ಹಳೆಯ ಪದ ದೆಹಲಿಯ ರಾಷ್ಟ್ರಪತಿ ಭವನದಲ್ಲೂ ಕೇಳಿಸಿತು. ತಾಯಿಗೂ ಹಸುವಿಗೂ ಒಂದೇ ಪದ ಇಟ್ಟ ಜನರ ಮನಸ್ಸು ದೊಡ್ಡದು.

ಹಾಲು ಕೊಡುವ ಕಾಲದಲ್ಲಿ ಅದು ಹಯನಿನ ಹಸು, ಕರೆಯುವ ಹಸು. ಹೈನುಗಾರಿಕೆ ಎಂದು ಸರ್ಕಾರದ ಕಾಗದದಲ್ಲೆಲ್ಲ ಬರುವ ಪದದ ತವರು ಇದು. ಕರು ಬಿಟ್ಟು ಗುದ್ದಿಸಿದಾಗ ಸೊರ ಬಿಡುತ್ತದೆ, ಬಿಡದಿದ್ದರೆ ಕಳ್ಳ ಹಸು, ಕರುವಿಗೆ ಉಳಿಸಿಕೊಂಡಿದೆ. ಮುಂದಿನ ಸೂಲಿಗೆ ಎರಡು ತಿಂಗಳಿದೆ ಎನ್ನುವಾಗ ಬತ್ತಿಸುತ್ತಾರೆ. ಪುಣ್ಯಕೋಟಿಯ ಕತೆಯನ್ನೇ ತೆಗೆದುಕೊಳ್ಳಿ. ಆ ಹಾಡಿನ ನಾಯಕಿ ಕಡಸಾಗಿದ್ದರೆ ಕತೆಯೇ ಇರುತ್ತಿರಲಿಲ್ಲ. ದೊಡ್ಡಿಯಲ್ಲಿ ಹಸಿದ ಕರು ಇರುವುದರಿಂದಲೇ ಆಕೆ ಹುಲಿಯ ಹತ್ತಿರ ಅವಕಾಶ ಕೇಳುವುದು, ಮಾತು ಕೊಡುವುದು, ಮರಳಿ ಬರುವುದು. ಈದ ಹಸು ಎಂಬ ಒಂದೇ ಸಂಗತಿಯ ಮೇಲೆ ಕನ್ನಡಿಗರ ಸತ್ಯದ ಕತೆ ನಿಂತಿದೆ.

ಕೊನೆಗೆ ಗೊಡ್ಡು. ಈ ಪದದ ಬಗ್ಗೆ ನನಗೆ ಸಿಟ್ಟಿದೆ, ಹೇಳಿಬಿಡುತ್ತೇನೆ. ಕೊಟ್ಟಿಗೆಯಲ್ಲಿ ಅದು ಒಂದು ಸ್ಥಿತಿಯ ಹೆಸರು. ಹಾಲು ಬತ್ತಿದ್ದಕ್ಕೂ ಗಬ್ಬ ಕಟ್ಟದ್ದಕ್ಕೂ ಗೊಡ್ಡು ಎನ್ನುತ್ತಾರೆ. ಗೊಡ್ಡು ಎಂದು ತಳ್ಳಿಬಿಟ್ಟ ಹಸುಗಳಲ್ಲಿ ಎಷ್ಟೋ ನಿಜವಾಗಿ ಬಂಜೆಯಲ್ಲ. ಖನಿಜ ಮಿಶ್ರಣ ತಿನ್ನಿಸಿ, ಜಂತು ಔಷಧ ಕುಡಿಸಿ, ಬೆದೆಯ ಹೊತ್ತು ಸರಿಯಾಗಿ ನೋಡಿದರೆ ಗಬ್ಬ ನಿಲ್ಲುತ್ತವೆ. ನಿಜವಾದ ಬಂಜೆತನಕ್ಕೂ ಕಾರಣಗಳಿವೆ. ಹೋರಿಗರುವಿನ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಣುಗರು ಬಹುಪಾಲು ಗಬ್ಬ ಕಟ್ಟುವುದಿಲ್ಲ. ತಾಯ ಹೊಟ್ಟೆಯಲ್ಲಿ ಎರಡರ ರಕ್ತವೂ ಬೆರೆತು ಗಂಡಿನ ರಸದೂತಗಳು ಹೆಣ್ಣಿನ ಗರ್ಭಕೋಶವನ್ನು ಬೆಳೆಯಗೊಡುವುದಿಲ್ಲ. ಇದರಲ್ಲಿ ಆ ಕರುವಿನ ತಪ್ಪೇನಿದೆ? ಹಸುವಿನ ಮಾತು ಹಾಗಿರಲಿ, ಈ ಪದವನ್ನು ಮನುಷ್ಯರ ಹೆಣ್ಣುಮಕ್ಕಳ ಮೇಲೆ ಎಸೆಯುವುದನ್ನು ನಾವು ಕೇಳಿದ್ದೇವೆ. ಅದೊಂದನ್ನು ಮಾತ್ರ ಕೊಟ್ಟಿಗೆಯ ಹೊಸಿಲು ದಾಟಿಸಬಾರದು. ಉಳಿದ ಪದಗಳನ್ನೆಲ್ಲ ಮನೆಯೊಳಗೆ ತನ್ನಿ, ಇದನ್ನು ಬೇಡ.

ಗಂಡಿನ ಕಡೆ ಬಂದರೆ ವಿಷಯ ಇನ್ನೂ ಗಟ್ಟಿ. ಹುಟ್ಟಿದ್ದು ಹೋರಿಗರು. ಬೆಳೆದರೆ ಹೋರಿ. ಅಲ್ಲಿಂದ ದಾರಿ ಒಡೆಯುತ್ತದೆ. ಬೀಜ ಉಳಿಸಿಕೊಂಡು ತಳಿಗೆ ಬಿಟ್ಟರೆ ಬೀಜದ ಹೋರಿ, ಗೂಳಿ. ದೇವರಿಗೆ ಬಿಟ್ಟರೆ ಬಸವ. ಬೀಜ ಒಡೆಸಿದರೆ, ಹಿಡ ಮಾಡಿಸಿದರೆ, ಎತ್ತು. ಹೋರಿ ಎನ್ನುವುದರ ಗಡಿ ಮಾತ್ರ ಸೀಮೆಯಿಂದ ಸೀಮೆಗೆ ಸ್ವಲ್ಪ ಸರಿದಾಡುತ್ತದೆ. ಹಾವೇರಿ, ಶಿಕಾರಿಪುರದ ಕಡೆ ದೀಪಾವಳಿ ಕಳೆದ ಮೇಲೆ ಹೋರಿ ಬೆದರಿಸುವ ಹಬ್ಬ ಎಂದು ಊರಿಗೆ ಊರೇ ಸೇರುತ್ತದಲ್ಲ, ಅಲ್ಲಿ ಹೋರಿ ಎಂದರೆ ಓಟದ ವೀರ, ಕೊಬ್ಬರಿ ಹಾರ ಹೊತ್ತು ಜನರ ನಡುವೆ ನುಗ್ಗುವವನು.

ಬೀಜ ಒಡೆಯುವುದು ಹಿಂದೆ ಬಹಳ ನೋವಿನ ಕೆಲಸವಾಗಿತ್ತು. ನೆನೆಸಿಕೊಂಡರೆ ಮೈ ನಡುಗುತ್ತದೆ. ಬರ್ಡಿಜೊ ಇಕ್ಕಳ ಬಂದ ಮೇಲೆ ರಕ್ತ ಬರುವುದು ನಿಂತಿತು. ಚರ್ಮ ಕೊಯ್ಯದೆ ಒಳಗಿನ ನಾಳ ಮಾತ್ರ ಅಮುಕುತ್ತದೆ. ಮರಗಟ್ಟುವ ಸೂಜಿ ಕೊಟ್ಟು ಪಶುವೈದ್ಯರ ಕೈಯಲ್ಲೇ ಮಾಡಿಸಬೇಕು. ಯಾವಾಗ ಮಾಡಿಸುವುದು ಎನ್ನುವುದರಲ್ಲೂ ರೈತರ ಲೆಕ್ಕ ಇತ್ತು. ಹಳ್ಳಿಕಾರ್ ಸಾಕುವವರು ಹೋರಿಗೆ ಹಲ್ಲಾಗುವ ತನಕ ಕಾಯುತ್ತಿದ್ದರು. ತೀರ ಎಳೆಯದರಲ್ಲಿ ಮಾಡಿಸಿದರೆ ಡುಬ್ಬ ಏಳುವುದಿಲ್ಲ, ಕತ್ತು ದಪ್ಪವಾಗುವುದಿಲ್ಲ. ನೊಗ ಕೂರುವುದೇ ಆ ಡುಬ್ಬದ ಮುಂದೆ ತಾನೇ?

ಹಲ್ಲು ಎಂದೆ. ದನದ ಜಾತ್ರೆಗೆ ಹೋದವರಿಗೆ ಇದು ಗೊತ್ತು. ಘಾಟಿ ಸುಬ್ರಹ್ಮಣ್ಯ, ಸಿದ್ಧಗಂಗೆ, ಮುಡುಕುತೊರೆ, ಬೇಬಿಬೆಟ್ಟ, ಎಲ್ಲೇ ಹೋಗಿ, ಕೊಳ್ಳುವವನು ಎಡಗೈಯಲ್ಲಿ ಮೂಗುದಾರ ಹಿಡಿದು ಬಲಗೈಯಿಂದ ಕೆಳದುಟಿ ಮಡಿಸುತ್ತಾನೆ. ಮೇಲಿನ ಮುಂಬಾಯಲ್ಲಿ ಹಲ್ಲೇ ಇರುವುದಿಲ್ಲ, ಬರೀ ಗಟ್ಟಿ ವಸಡು. ಕೆಳಗೆ ಎಂಟು. ಅವು ಸಣ್ಣಗೆ ಬಿಳಿಯಾಗಿ ಸಾಲಾಗಿದ್ದರೆ ಹಾಲುಹಲ್ಲು. ನಡುವಿನ ಎರಡು ಬಿದ್ದು ಅಗಲವಾದ ಎರಡು ಬಂದಿದ್ದರೆ ಎರಡು ಹಲ್ಲು, ಸುಮಾರು ಎರಡು ಎರಡೂವರೆ ವರ್ಷ. ಆಮೇಲೆ ನಾಲ್ಕು, ಆರು. ಎಂಟೂ ಬಂತೆಂದರೆ ಬಾಯಿಗೂಡಿತು. ಜಾತ್ರೆಯಲ್ಲಿ ಬಹುಮಾನ ಕೂಗುವುದೂ ಹೀಗೇ, ಹಾಲುಹಲ್ಲಿನ ಜೋಡಿ, ಎರಡು ಹಲ್ಲಿನ ಜೋಡಿ, ಬಾಯಿಗೂಡಿದ ಜೋಡಿ. ಹುಟ್ಟಿದ ದಿನ ಬರೆದಿಡದ ಜನ ಹುಟ್ಟಿದ ಕಾಲವನ್ನು ದವಡೆಯಲ್ಲಿ ಓದುತ್ತಿದ್ದರು.

ಬಸವ ಎನ್ನುವುದು ವೃಷಭದಿಂದ ಬಂದದ್ದು. ಊರವರೆಲ್ಲ ಸೇರಿ ಲಕ್ಷಣವಾದ ಒಂದು ಹೋರಿಗರುವನ್ನು ದೇವರ ಹೆಸರಲ್ಲಿ ಬಿಡುತ್ತಿದ್ದರು, ಮುದ್ರೆ ಒತ್ತುತ್ತಿದ್ದರು. ಅದು ಯಾರ ಹೊಲಕ್ಕೆ ಬಾಯಿ ಹಾಕಿದರೂ ಹೊಡೆಯುವಂತಿಲ್ಲ. ಹಾಗೆ ಮೇಯ್ದು ಕೊಬ್ಬಿದ ಬಸವನೇ ಊರ ಹಸುಗಳಿಗೆಲ್ಲ ತಳಿಯ ಗೂಳಿ. ಭಕ್ತಿಯೂ ತಳಿ ಅಭಿವೃದ್ಧಿಯೂ ಒಂದೇ ಗೂಟಕ್ಕೆ ಕಟ್ಟಿದ ಏರ್ಪಾಡು. ಎಮ್ಮೆಗಳ ಕಡೆ ಮಾರಿಗೆ ಬಿಟ್ಟ ಮಾರಿಕೋಣ ಇತ್ತು. ಕೋಣದ ವಿಷಯದಲ್ಲಿ ನಮ್ಮ ಸೀಮೆಯ ಮಾತು ಜಿಪುಣತನ ತೋರಿಸಿದೆ. ಹಿಡ ಮಾಡಿಸಿದರೂ ಕೋಣ, ಮಾಡಿಸದಿದ್ದರೂ ಕೋಣ. ಅಷ್ಟು ದುಡಿದ ಪ್ರಾಣಿಗೆ ಇನ್ನೊಂದು ಹೆಸರು ಕೊಡಬಹುದಿತ್ತು.

ಶಿವನ ಮುಂದೆ ಕೂತ ನಂದಿ ಗೂಳಿ, ಎತ್ತಲ್ಲ. ಆದರೆ ನೇಗಿಲಿಗೆ ಹೂಡುವ ಎತ್ತಿಗೂ ರೈತರು ಬಸವಣ್ಣ ಎಂದೇ ಕೈಮುಗಿಯುತ್ತಾರೆ, ಮತ್ತು ಅದು ಸರಿಯೇ. ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳು ಕೆರೆಯ ಮಣ್ಣಲ್ಲಿ ಮಾಡುವುದು ಎತ್ತಿನ ಜೋಡಿಯನ್ನು. ಗೂಳಿಯನ್ನಲ್ಲ. ಅನ್ನ ಕೊಡುವವನು ಯಾರು ಎನ್ನುವುದು ಆ ಮಣ್ಣಿನ ಜೋಡಿಗೆ ಗೊತ್ತು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ದನಗಳ ಇಲಾಖೆಗೆ ಬೆಣ್ಣೆ ಚಾವಡಿ ಎಂದು ಹೆಸರು. ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದ. ಎರಡೂ ಹಾಲು ಬೆಣ್ಣೆಯ ಹೆಸರುಗಳು. ಆದರೆ ಅಲ್ಲಿನ ತಳಿ ಹೆಸರಾದದ್ದು ಹಾಲಿಗಲ್ಲ, ಹೈದರ್ ಮತ್ತು ಟಿಪ್ಪುವಿನ ಫಿರಂಗಿಗಳನ್ನು ಬೇಗ ಬೇಗ ಎಳೆದ ಎತ್ತುಗಳಿಗೆ. ಅಜ್ಜಂಪುರದ ಕಾವಲಿನಲ್ಲಿ ಇವತ್ತಿಗೂ ಆ ತಳಿಯನ್ನು ಕಾಣಬಹುದು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ನಮ್ಮ ಮಕ್ಕಳ ಲಿಂಗದ ಪಾಠದಲ್ಲಿ, ಗೈಡುಗಳಲ್ಲಿ, ಗೋಡೆಗೆ ಅಂಟಿಸುವ ಚಿತ್ರಪಟಗಳಲ್ಲಿ ಅಣ್ಣ–ಅಕ್ಕ, ರಾಜ–ರಾಣಿ, ಕೋಣ–ಎಮ್ಮೆ ಎಂದು ಬಂದು ಎತ್ತು–ಹಸು ಎಂದು ಅಚ್ಚಾಗಿರುತ್ತದೆ. ಇದು ತಪ್ಪು. ಹಸುವಿನ ಜೋಡಿ ಗೂಳಿ. ಬೇಕಾದರೆ ಹೋರಿ ಎನ್ನಿ. ಎತ್ತು ಯಾವ ಕರುವಿಗೂ ತಂದೆಯಲ್ಲ. ಎತ್ತಿನ ಜೋಡಿ ಇನ್ನೊಂದು ಎತ್ತು, ನೊಗದ ಆ ಕಡೆ ಇರುವುದು. ‘ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ’ ಎಂಬ ಗಾದೆ ಮಾಡಿದ ಜನಕ್ಕೆ ಎತ್ತು ಈಯುವುದೂ ಇಲ್ಲ, ಈಯಿಸುವುದೂ ಇಲ್ಲ ಎನ್ನುವುದು ಸ್ಪಷ್ಟವಿತ್ತು. ಎತ್ತು–ಹಸು ಎಂದು ಕಲಿತ ಮಗುವಿಗೆ ಆ ಗಾದೆಯ ಅರ್ಧ ಸೊಗಸು ಸಿಗುವುದಿಲ್ಲ. ಕಾನೂನು ಕೂಡ ಇವನ್ನು ಒಂದಾಗಿ ಕಲಸುವುದಿಲ್ಲ. 2020ರ ನಮ್ಮ ರಾಜ್ಯದ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಜಾನುವಾರು ಎಂದರೆ ಏನೆಂದು ಹೇಳುವಾಗ ಹಸು, ಕರು, ಗೂಳಿ, ಎತ್ತು ಎಂದು ಒಂದೊಂದನ್ನೂ ಬೇರೆಯಾಗಿ ಹೆಸರಿಸುತ್ತದೆ.

ಸೀಮೆ ಸೀಮೆಗೆ ಪದ ಬೇರೆಯಾಗುವುದು ತಪ್ಪಲ್ಲ, ಅದು ಸಂಪತ್ತು. ಕರಾವಳಿ ಮಲೆನಾಡಿನಲ್ಲಿ ದನ ಎಂದರೆ ಹಸುವೇ. ‘ದನ ಕರು ಹಾಕಿತು’ ಎಂದರೆ ಅವರಿಗೆ ಸಹಜ. ಮಂಡ್ಯ ತುಮಕೂರಿನಲ್ಲಿ ದನ ಎಂದರೆ ಗಂಡು ಹೆಣ್ಣು ಎಲ್ಲ ಸೇರಿ, ಒಂದೊಂದಾಗಿ ಎಣಿಸಿದರೆ ರಾಸು. ರಾಸು ಅರಬಿ ಮೂಲದ್ದು, ತಲೆ ಎಂದು ಅರ್ಥ, ತಲೆ ಎಣಿಕೆಯಿಂದ ಬಂದದ್ದು. ಕುಂದಾಪುರದವರು ಗಂಟಿ ಎನ್ನುತ್ತಾರೆ, ತುಳುವರು ಪೆತ್ತ ಎನ್ನುತ್ತಾರೆ. ಹಳಗನ್ನಡದ ಶಾಸನಗಳಲ್ಲಿ ತುರು. ತುರುಗೊಳ್ ಎಂದರೆ ದನ ಹೊಡೆದುಕೊಂಡು ಹೋಗುವುದು. ಹಾಗೆ ಹೋದ ದನಗಳನ್ನು ಮರಳಿ ತರಲು ಹೋರಾಡಿ ಸತ್ತವರ ವೀರಗಲ್ಲುಗಳು ನಮ್ಮ ಊರೂರಿನ ಏರಿಯ ಮೇಲೆ, ದೇವಸ್ಥಾನದ ಹಿಂದೆ ನಿಂತಿವೆ. ಎಷ್ಟೋ ಕಲ್ಲುಗಳಲ್ಲಿ ಕೆಳಗಿನ ಪಟ್ಟಿಕೆಯಲ್ಲಿ ಹಸುಗಳ ಸಾಲು ಕಾಣುತ್ತದೆ.

ನನಗಿರುವ ನಿಜವಾದ ದುಗುಡ ಬೇರೆ. ಪದ ಉಳಿಯಬೇಕಾದರೆ ಪ್ರಾಣಿ ಕಣ್ಣೆದುರು ಇರಬೇಕು. 2019ರ ಜಾನುವಾರು ಗಣತಿಯಲ್ಲಿ ಇಡೀ ದೇಶದ ಹಸು, ಎತ್ತು, ಗೂಳಿ, ಕರು ಎಲ್ಲ ಸೇರಿ 19.25 ಕೋಟಿ. ಅದರಲ್ಲಿ ಹೆಣ್ಣು 14.5 ಕೋಟಿ ದಾಟುತ್ತದೆ. ಹಿಂದಿನ ಗಣತಿಯಿಂದ ಹೆಣ್ಣು ನೂರಕ್ಕೆ ಹದಿನೆಂಟರಷ್ಟು ಏರಿದರೆ ಗಂಡು ಸುಮಾರು ಮೂವತ್ತರಷ್ಟು ಇಳಿದಿದೆ. ಟ್ರ್ಯಾಕ್ಟರ್, ಟಿಲ್ಲರ್ ಬಂದ ಮೇಲೆ ಇದು ಆಗಲೇಬೇಕಿತ್ತು, ಉಳುವವರ ಬೆನ್ನು ಹಗುರಾಯಿತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಸೀಮೆ ಹಸುವಿಗೆ ಹೋರಿಗರು ಹುಟ್ಟಿದರೆ ಮನೆಯವರ ಮುಖ ಸಪ್ಪಗಾಗುತ್ತದೆ. ಡುಬ್ಬ ಇಲ್ಲ, ಬಿಸಿಲು ತಡೆಯುವುದಿಲ್ಲ, ನೊಗಕ್ಕೆ ಸಲ್ಲದು. ಈಗ ಹೆಣ್ಣುಗರುವೇ ಹುಟ್ಟುವಂತೆ ಬೇರ್ಪಡಿಸಿದ ವೀರ್ಯವೂ ಬಂದಿದೆ, ಹತ್ತರಲ್ಲಿ ಒಂಬತ್ತು ಹೆಣ್ಣೇ. ಹೀಗೆ ಹೋದರೆ ಹೋರಿಗರು, ಹೋರಿ, ಗೂಳಿ, ಎತ್ತು, ಹಿಡ, ಬಾಯಿಗೂಡಿದ್ದು, ಈ ಕಡೆಯ ಪದಗಳೆಲ್ಲ ಒಂದೇ ತಲೆಮಾರಿನಲ್ಲಿ ನಿಘಂಟು ಸೇರುತ್ತವೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟು ತೆರೆದರೆ ಕಡಸು, ಮಣಕ ಎಲ್ಲ ಇವೆ. ಆದರೆ ಅಲ್ಲಿಗೆ ಹೋಗಿ ಹುಡುಕುವ ಕಾಲ ಬರಬಾರದಿತ್ತು.

ಹೆಣ್ಣಿನ ಕಡೆಯ ಪದಗಳೂ ಸವೆಯುತ್ತಿವೆ. ಡೇರಿಗೆ ಹಾಲು ಹಾಕುವ ಹುಡುಗರು ಕಡಸಿಗೆ ಹೀಫರ್ ಎನ್ನುತ್ತಾರೆ, ಗಬ್ಬಕ್ಕೆ ಪ್ರೆಗ್ನೆಂಟ್, ಬತ್ತಿಸುವುದಕ್ಕೆ ಡ್ರೈ ಮಾಡೋದು. ಅವರನ್ನು ದೂರಿ ಫಲವಿಲ್ಲ, ಹಸುವಿನ ವಿವರ ಬರೆಯುವ ಕಾರ್ಡಿನ ಮೇಲೆ ಹಾಗೆ ಬರೆದಿರುತ್ತದೆ. ಆ ಕಾರ್ಡನ್ನು ಕನ್ನಡದಲ್ಲಿ ಅಚ್ಚು ಹಾಕಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ. ಕಡಸು, ಬೆದೆ, ಗಬ್ಬ, ಸೂಲು, ಬತ್ತಿಸಿದ ದಿನ, ಐದು ಕಾಲಂ ಸಾಕು. ಪಶು ಆಸ್ಪತ್ರೆಯವರೂ ಹಾಲು ಒಕ್ಕೂಟದವರೂ ಮನಸ್ಸು ಮಾಡಲಿ. ಲಿಂಗದ ಪಾಠ ಬರೆಯುವವರು ಎತ್ತು–ಹಸು ಎಂಬಲ್ಲಿ ಎತ್ತನ್ನು ತೆಗೆದು ಗೂಳಿ ಎಂದು ತಿದ್ದಲಿ. ಒಂದು ಪದದ ತಿದ್ದುಪಡಿ ಅದು.

ನೀವೂ ಒಂದು ಕೆಲಸ ಮಾಡಿ. ಮನೆಯಲ್ಲಿ ದನ ಕಟ್ಟಿದ್ದ ಹಿರಿಯರಿದ್ದರೆ ಕೂರಿಸಿಕೊಂಡು ಕೇಳಿ. ಈಯದ ಹೆಣ್ಣುಗರುವಿಗೆ ನಿಮ್ಮ ಸೀಮೆಯಲ್ಲಿ ಕಡಸು ಎನ್ನುತ್ತೀರೋ, ಮಣಕ ಎನ್ನುತ್ತೀರೋ, ಇನ್ನೇನಾದರೂ ಇದೆಯೋ? ಎರಡು ಹಲ್ಲಿನ ಹೋರಿಗೆ ಬೇರೆ ಹೆಸರಿತ್ತೋ? ಹಿಡ ಮಾಡಿದ ಕೋಣಕ್ಕೆ ನಿಮ್ಮ ಕಡೆಯಾದರೂ ಒಂದು ಪದ ಇದೆಯೋ? ಸಿಕ್ಕಿದ್ದನ್ನು ಊರಿನ ಹೆಸರು ಹಾಕಿ ಬರೆದಿಡಿ.